ಕನ್ನಡದ ಬಳಗಗಳು ಬೆಳೆಯಬೇಕಾದರೆ ಮಾಸ್ಟೊಡಾನ್‌ಗೆ ಹೋಗಬೇಕೇ?

ಮಾಸ್ಟೊಡಾನ್, ಬ್ಲೂಸ್ಕೈ ಎರಡೂ ಟ್ವಿಟರ್‌ನಂತೆ ಚಿಕ್ಕ ಪೋಸ್ಟ್ ಬರೆಯುವ ಜಾಲತಾಣಗಳು. ಕನ್ನಡದ ಬಳಗ ಎಲ್ಲಿ ಕಟ್ಟಬೇಕು ಅನ್ನುವುದರ ಬಗ್ಗೆ ಇಲ್ಲಿ ಎರಡು ಅಭಿಪ್ರಾಯಗಳಿವೆ.

ಪರ: ಹೌದು, ಕೀಲಿಕೈ ನಮ್ಮ ಹತ್ತಿರವೇ ಇರಲಿ

ನಮ್ಮದೊಂದು ಗುಂಪಿತ್ತು. ಹಿತ್ತಲಲ್ಲೋ ಗದ್ದೆ ಬದುವಿನಲ್ಲೋ ಕಂಡ ಗಿಡದ ಫೋಟೋವನ್ನು ಯಾರಾದರೂ ಹಾಕುವುದು, ಉಳಿದವರು ತಮ್ಮ ಊರಲ್ಲಿ ಅದಕ್ಕೆ ಏನಂತಾರೆ ಅಂತ ಬರೆಯುವುದು, ಇಷ್ಟೇ ಕೆಲಸ. ಒಂದೆಲಗದ ಫೋಟೋ ಬಂದರೆ ಮಂಗಳೂರು ಕಡೆಯವರು ತಿಮರೆ ಅನ್ನುತ್ತಿದ್ದರು, ಮಲೆನಾಡಿನವರು ಉರಗೆ ಅನ್ನುತ್ತಿದ್ದರು, ಆಮೇಲೆ ಮಾತು ತಂಬುಳಿಗೆ ಹೊರಳಿ ರಾತ್ರಿ ಹನ್ನೊಂದಾದರೂ ಮುಗಿಯುತ್ತಿರಲಿಲ್ಲ. ಮೂರು ವರ್ಷ ಹೀಗೆ ನಡೆಯಿತು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಗುಂಪೇ ಇಲ್ಲ. ಯಾವ ತಾಣ ಅಂತ ಹೇಳುವುದಿಲ್ಲ, ಅದು ದೊಡ್ಡ ಕಂಪನಿಯದು. ನಿಯಮ ಮೀರಿದ್ದೀರಿ ಅಂತ ಒಂದು ಸಾಲಿನ ಸಂದೇಶ ಬಂದಿತ್ತು. ಯಾವ ನಿಯಮ, ಯಾವ ಪೋಸ್ಟ್, ಏನೂ ಇಲ್ಲ. ಮತ್ತೆ ಪರಿಶೀಲಿಸಿ ಅಂತ ಕೇಳಿದೆವು. ಎರಡೇ ನಿಮಿಷದಲ್ಲಿ ಆಗುವುದಿಲ್ಲ ಅಂತ ಉತ್ತರ ಬಂತು. ಅದನ್ನು ಯಾವ ಮನುಷ್ಯನೂ ಓದಿರಲಿಲ್ಲ ಅನ್ನುವುದು ಆ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ ಅಲ್ವಾ?

ಫೋಟೋಗಳು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ, ಗಿಡ ಮತ್ತೆ ಸಿಗುತ್ತದೆ. ಶಿರಸಿ ಕಡೆಯ ಹಿರಿಯರೊಬ್ಬರು ಆ ಗುಂಪಿನಲ್ಲಿದ್ದರು. ಅಡಿಕೆ ತೋಟದವರು, 78 ವರ್ಷ. ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸಿ 200ಕ್ಕೂ ಹೆಚ್ಚು ಗಿಡಗಳಿಗೆ ಹೆಸರು ಬರೆದಿದ್ದರು. ಯಾವ ಸೊಪ್ಪನ್ನು ಯಾವ ತಿಂಗಳಲ್ಲಿ ಕೊಯ್ಯಬೇಕು, ಯಾವುದನ್ನು ಹಸುವಿಗೆ ಹಾಕಬಾರದು, ಎಲ್ಲ. ಗುಂಪು ಹೋಗುವಷ್ಟರಲ್ಲಿ ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಇನ್ನು ಯಾರನ್ನು ಕೇಳುವುದು?

ಅವತ್ತಿನಿಂದ ನನ್ನದು ಒಂದೇ ಹಟ. ಬಳಗ ಕಟ್ಟುವ ಜಾಗದ ಕೀಲಿಕೈ ಬಳಗದ ಹತ್ತಿರ ಇರಬೇಕು. ಬೇರೆಯವರ ಜಾಗದಲ್ಲಿ ಎಷ್ಟು ಚೆನ್ನಾಗಿ ಮನೆ ಕಟ್ಟಿದರೂ ಅದು ಅವರದ್ದೇ.

ಮಾಸ್ಟೊಡಾನ್‌ನಲ್ಲಿ ಎಲ್ಲಕ್ಕೂ ಒಬ್ಬ ಯಜಮಾನ ಅಂತ ಇಲ್ಲ. 2016ರಲ್ಲಿ ಜರ್ಮನಿಯ ಆಯ್ಗೆನ್ ರೋಖ್ಕೊ ಇದರ ಕೋಡ್ ಬರೆದು ಎಲ್ಲರ ಮುಂದೆ ತೆರೆದಿಟ್ಟರು. ಯಾರು ಬೇಕಾದರೂ ಅದನ್ನು ತೆಗೆದುಕೊಂಡು ತಮ್ಮ ಸರ್ವರ್ (ತಾಣ ಓಡುವ ಕಂಪ್ಯೂಟರ್) ನಡೆಸಬಹುದು, ತಮ್ಮ ನಿಯಮ ತಾವೇ ಮಾಡಬಹುದು. ಆದರೂ ಒಂದು ಸರ್ವರ್‌ನಲ್ಲಿ ಇರುವವರು ಇನ್ನೊಂದರಲ್ಲಿ ಇರುವವರನ್ನು ಫಾಲೋ ಮಾಡಬಹುದು, ಉತ್ತರ ಬರೆಯಬಹುದು. ಇವನ್ನು ಜೋಡಿಸುವುದು ಆಕ್ಟಿವಿಟಿಪಬ್ ಅನ್ನುವ ನಿಯಮ. ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅದಕ್ಕೆ ಮುದ್ರೆ ಒತ್ತಿತು. ಫೋಟೋಗಳಿಗೆ ಇರುವ ಪಿಕ್ಸೆಲ್‌ಫೆಡ್, ವಿಡಿಯೋಗಳಿಗೆ ಇರುವ ಪಿಯರ್‌ಟ್ಯೂಬ್ ಕೂಡ ಇದೇ ನಿಯಮದಲ್ಲಿ ನಡೆಯುತ್ತವೆ. ಈಗ ಮೆಟಾದ ಥ್ರೆಡ್ಸ್ ಕೂಡ ಸ್ವಲ್ಪ ಮಟ್ಟಿಗೆ ಇದಕ್ಕೆ ಕೂಡಿಕೊಂಡಿದೆ.

ನಮ್ಮ ದೇಶದವರಿಗೆ ಇದು ಹೊಸದೇನಲ್ಲ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಅಕೌಂಟನ್ನು ಟ್ವಿಟರ್ ನಿಲ್ಲಿಸಿತು. ನಾಜಿಗಳ ಗುಂಪಿನ ನಡುವೆ ಒಬ್ಬನೇ ಒಬ್ಬ ಕೈಕಟ್ಟಿ ನಿಂತ, ಸಲ್ಯೂಟ್ ಹೊಡೆಯದ, 1936ರ ಆ ಫೋಟೋ ಇದೆಯಲ್ಲ, ಅದನ್ನು ಅವರು ಹಾಕಿಕೊಂಡಿದ್ದರು. ದ್ವೇಷವನ್ನು ವಿರೋಧಿಸುವ ಚಿತ್ರಕ್ಕೇ ದ್ವೇಷದ ಚಿತ್ರ ಅಂತ ಹಣೆಪಟ್ಟಿ! ಆ ನವೆಂಬರ್‌ನಲ್ಲಿ ಭಾರತದಿಂದ ಬಹಳ ಜನ ಮಾಸ್ಟೊಡಾನ್‌ಗೆ ಬಂದರು. ಬಹಳ ಜನ ವಾಪಸ್ಸೂ ಹೋದರು, ಅದು ಬೇರೆ ಮಾತು. 2022ರ ಅಕ್ಟೋಬರ್ 27ಕ್ಕೆ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಡಿಸೆಂಬರ್‌ನಲ್ಲಿ ಅಲ್ಲಿ ಮಾಸ್ಟೊಡಾನ್ ಲಿಂಕ್ ಹಾಕುವುದನ್ನೇ ತಡೆದರು. ಅದನ್ನು ವಾಪಸ್ ತೆಗೆದುಕೊಂಡರು, ನಿಜ. ಆದರೆ ಪಕ್ಕದ ಊರಿನ ದಾರಿ ಕೇಳಿದರೆ ಬಾಯಿ ಮುಚ್ಚು ಅನ್ನುವ ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದು.

ಕನ್ನಡಕ್ಕೆ ಇದಕ್ಕಿಂತ ಹತ್ತಿರದ ಪಾಠ ಒಂದಿದೆ. ಟ್ವಿಟರ್‌ನಂಥದ್ದೇ ಕೂ ಅನ್ನುವ ಆ್ಯಪ್ ನೆನಪಿದೆಯಾ? 2020ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದರ ಮೊದಲ ಭಾಷೆಯೇ ಕನ್ನಡ. ಎಷ್ಟು ಜನ ಪ್ರೀತಿಯಿಂದ ಬರೆದರು! 2024ರ ಜುಲೈನಲ್ಲಿ ಅದು ಮುಚ್ಚಿತು. ನಡೆಸಿದವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನ ಇಲ್ಲ. ಕೊಳ್ಳುವವರ ಜೊತೆ ಮಾತುಕತೆ ಕುದುರಲಿಲ್ಲ, ದುಡ್ಡು ಮುಗಿಯಿತು, ಬಾಗಿಲು ಹಾಕಿದರು. ಕಂಪನಿ ಅಂದರೆ ಹಾಗೇ ಇರುತ್ತದೆ. ಕನ್ನಡ ಅಷ್ಟರ ಮೇಲೆ ನಿಂತುಕೊಳ್ಳಬೇಕೇ ಅನ್ನುವುದು ನನ್ನ ಪ್ರಶ್ನೆ.

ಬೆಳೆಯುವ ವಿಷಯಕ್ಕೆ ಬರೋಣ. ಸಣ್ಣ ಸರ್ವರ್‌ಗಳು ದೊಡ್ಡ ಜನಜಂಗುಳಿ ತಾಳುವುದಿಲ್ಲ ಅಂತ ಹೇಳುತ್ತಾರೆ. 2022ರ ಅಕ್ಟೋಬರ್, ನವೆಂಬರ್ ಎರಡು ತಿಂಗಳಲ್ಲಿ ಮಾಸ್ಟೊಡಾನ್ ಬಳಸುವವರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಹ್ಯಾಕಿಡರ್ಮ್ ಅನ್ನುವ ಸರ್ವರನ್ನು ಕ್ರಿಸ್ ನೋವಾ ಅನ್ನುವ ಎಂಜಿನಿಯರ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಸಾವಿರಕ್ಕೂ ಕಡಿಮೆ ಜನ ಇದ್ದದ್ದು ಒಂದೇ ತಿಂಗಳಲ್ಲಿ 30,000 ಆಯಿತು. ಡಿಸ್ಕ್ ಸೋತಿತು, ಸೈಟ್ ನಿಧಾನವಾಯಿತು. ಗೆಳೆಯರು ಸೇರಿ ರಾತ್ರಿ ಹಗಲು ಕೂತು ಎಲ್ಲವನ್ನೂ ಬೇರೆ ಕಡೆಗೆ ಸಾಗಿಸಿದರು. ಅದು ಇವತ್ತೂ ನಡೆಯುತ್ತಿದೆ, ನೋವಾ 2023ರಲ್ಲಿ ತೀರಿಕೊಂಡ ಮೇಲೂ. ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ನಮ್ಮಲ್ಲೂ ಹಾಗೇ ಆಯಿತು, ಸಣ್ಣದಾಗಿ. ಗೆಳತಿಯೊಬ್ಬಳು ಸರ್ವರ್ ಹಾಕಿದಳು. ಮೊದಲು 12 ಜನ ಇದ್ದೆವು. ಬಾಡಿಗೆ ಅವಳೇ ಕೊಡುತ್ತಿದ್ದಳು. ಸುಮಾರು 200 ಜನ ಆದಾಗ ಫೋಟೋಗಳಿಂದಲೇ ಜಾಗ ತುಂಬಿಹೋಯಿತು, ತಿಂಗಳಿಗೆ 2,000 ರೂಪಾಯಿ ದಾಟಿತು. ನಾವೆಲ್ಲ ಕೈಲಾದಷ್ಟು ಹಾಕಿದೆವು. ಜಗಳಗಳೂ ಶುರುವಾದವು, ನಿಯಮ ಬರೆಯಬೇಕಾಯಿತು, ಅದಕ್ಕೇ ಮೂರು ವಾರ ಹಿಡಿಯಿತು. ಕೊನೆಗೆ ಅವಳು ಹೇಳಿದಳು, ಇನ್ನು ನನ್ನ ಕೈಲಿ ಆಗಲ್ಲ, ಹೊಸಬರನ್ನು ತಗೊಳ್ಳಲ್ಲ ಅಂತ. ಸರಿ, ಹಕ್ಕಿ ನೋಡುವವರೆಲ್ಲ ಸೇರಿ ಬೇರೆ ಸರ್ವರ್ ಮಾಡಿಕೊಂಡರು. ಪೆಟ್ಟಿಗೆ ತುಂಬಿದಾಗ ಜೇನು ಪಾಲಾಗಿ ಒಂದು ಭಾಗ ಎದ್ದು ಬೇರೆ ಗೂಡು ಕಟ್ಟುವುದಿಲ್ಲವೇ, ಹಾಗೆ. ಅವರ ಮಾತು ನಮಗೆ ಬರುತ್ತದೆ, ನಮ್ಮದು ಅವರಿಗೆ ಹೋಗುತ್ತದೆ. ಬೆಳೆಯುವುದು ಅಂದರೆ ನನಗೆ ಇದು. ಕೋಟಿ ಜನರನ್ನು ಒಂದೇ ಚಪ್ಪರದಡಿ ತುಂಬುವುದನ್ನು ನಾನು ಬೆಳವಣಿಗೆ ಅನ್ನುವುದಿಲ್ಲ.

ಸರ್ವರ್ ಮುಚ್ಚಿದರೆ ಏನು ಗತಿ ಅಂತ ಪದೇ ಪದೇ ಕೇಳುತ್ತಾರೆ. ಎಷ್ಟೋ ಕಡೆ ಹೇಳಿಯೇ ಮುಚ್ಚುತ್ತಾರೆ. ಬರೆದದ್ದನ್ನು ಇಳಿಸಿಕೊಂಡು ಬೇರೆ ಕಡೆ ಹೋದರಾಯಿತು.

ಬ್ಲೂಸ್ಕೈ ಬಗ್ಗೆ ಒಂದೇ ಮಾತು. ಅದೂ ವಿಕೇಂದ್ರಿತ ಅಂತ ಹೇಳಿಕೊಳ್ಳುತ್ತದೆ. ಆದರೆ ಅಲ್ಲಿರುವ ಬಹುಪಾಲು ಜನರ ಅಕೌಂಟ್ ಇರುವುದು ಒಂದೇ ಕಂಪನಿಯ ಯಂತ್ರಗಳಲ್ಲಿ. 2024ರ ಅಕ್ಟೋಬರ್‌ನಲ್ಲಿ ಆ ಕಂಪನಿ ಹೂಡಿಕೆದಾರರಿಂದ 1.5 ಕೋಟಿ ಡಾಲರ್ ತೆಗೆದುಕೊಂಡಿದೆ. ಹಾಕಿದವರು ಸುಮ್ನೆ ಹಾಕಿರುತ್ತಾರಾ? ನಾಳೆ ಕೇಳುತ್ತಾರೆ. ಆಗ ಮತ್ತೊಂದು ಭಾನುವಾರ ಬೆಳಿಗ್ಗೆ ನನಗೆ ಬೇಡ.

ಈಗ ಆ ಹಿರಿಯರ ಮೊಮ್ಮಗಳು ನಮ್ಮ ಸರ್ವರ್‌ಗೆ ಬಂದಿದ್ದಾಳೆ. ಅಜ್ಜ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ವಾರಕ್ಕೆ ಎರಡರಂತೆ ಬರೆಯುತ್ತಿದ್ದಾಳೆ. ಇಲ್ಲಿಯವರೆಗೆ 31 ಗಿಡ ಆಗಿದೆ.


ವಿರೋಧ: ಸದ್ಯಕ್ಕೆ ಬೇಡ, ಬ್ಲೂಸ್ಕೈ ಸಾಕು

ವಿರೋಧದ ಕಡೆಯಿಂದ ಬರೆಯಿರಿ ಅಂದಾಗ ನಾನು ಎರಡು ದಿನ ಯೋಚಿಸಿದೆ. ನನಗೂ ಮಾಸ್ಟೊಡಾನ್ ಅಕೌಂಟ್ ಇದೆ, 2022ರಿಂದ. ಅಲ್ಲಿ ಜಾಹೀರಾತಿಲ್ಲ, ಪೋಸ್ಟ್‌ಗಳು ಬಂದ ಹೊತ್ತಿಗೆ ತಕ್ಕಂತೆ ಸಾಲಾಗಿ ಕಾಣುತ್ತವೆ. ಅದು ನನಗೆ ಇಷ್ಟ. ಆದರೆ ಇಲ್ಲಿ ಕೇಳಿರುವುದು ಬಳಗ ಬೆಳೆಯುವ ಬಗ್ಗೆ. ಹಾಗಾಗಿ ಬೇಡ ಅನ್ನುವುದಕ್ಕೆ ನನಗೂ ಕಾರಣಗಳಿವೆ.

ಮೊದಲನೆಯದು, ಜನ ಇರಬೇಕು. 2024ರ ಫೆಬ್ರುವರಿ ತನಕ ಬ್ಲೂಸ್ಕೈಗೆ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ ಇತ್ತು. ಆ ಆಗಸ್ಟ್ ಕೊನೆಗೆ ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ಎಕ್ಸ್ (ಮೊದಲಿನ ಟ್ವಿಟರ್) ಅನ್ನು ತಡೆಯಿತು. ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬ್ಲೂಸ್ಕೈಗೆ ಬಂದರು. ಅವರ ಮುಂದೆ ಮಾಸ್ಟೊಡಾನ್ ಕೂಡ ತೆರೆದೇ ಇತ್ತು. ಅಮೆರಿಕದ ಚುನಾವಣೆ ಮುಗಿದ ನವೆಂಬರ್‌ನಲ್ಲಿ ಬ್ಲೂಸ್ಕೈಯಲ್ಲಿ 2 ಕೋಟಿ ಜನ ಆದರು. ಸಂತೆ ಎಲ್ಲಿ ಸೇರುತ್ತದೋ ಅಲ್ಲಿಗೇ ತಾನೇ ತರಕಾರಿ ತಗೊಂಡು ಹೋಗುವುದು?

ಎರಡನೆಯದು, ಸರ್ವರ್‌ಗಳ ಆಯುಸ್ಸು. ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ ಜಾಗಗಳು ಇವು. ಅವರಿಗೆ ಮದುವೆ ಆಗುತ್ತದೆ, ಕೆಲಸ ಬದಲಾಗುತ್ತದೆ, ಬೇಜಾರಾಗುತ್ತದೆ. ಮಾಸ್ಟೊಡಾನ್ ಡಾಟ್ ಎಲ್ಒಎಲ್ ಅನ್ನುವ ದೊಡ್ಡ ಸರ್ವರ್‌ನ ಅಡ್ಮಿನ್ ಕಿರುಕುಳ ತಾಳಲಾರದೆ 2023ರಲ್ಲಿ ಮುಚ್ಚಿದರು. ಕ್ವಿಯರ್ ಡಾಟ್ ಎಎಫ್ ಅನ್ನುವ ಸರ್ವರ್‌ಗೆ ಆದದ್ದು ಇನ್ನೂ ವಿಚಿತ್ರ. ಡಾಟ್ ಎಎಫ್ ಅಂದರೆ ಅಫ್ಘಾನಿಸ್ತಾನದ ಡೊಮೇನ್, ವೆಬ್ ವಿಳಾಸದ ಕೊನೆಗೆ ಬರುವ ಆ ದೇಶದ ಗುರುತು. ತಾಲಿಬಾನ್ ಸರ್ಕಾರ 2024ರ ಫೆಬ್ರುವರಿಯಲ್ಲಿ ಆ ಹೆಸರನ್ನೇ ನಿಲ್ಲಿಸಿತು, ಸರ್ವರ್ ಹೋಯಿತು. ಮಾಸ್ಟೊಡಾನ್‌ನಲ್ಲಿ ಮನೆ ಬದಲಿಸಿದರೆ ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಬ್ಲೂಸ್ಕೈಯಲ್ಲಿ ಪೋಸ್ಟ್‌ಗಳನ್ನೂ ಹೊತ್ತುಕೊಂಡು ಹೋಗುವ ವ್ಯವಸ್ಥೆ ಇದೆ. ಹೆಚ್ಚು ಜನ ಅದನ್ನು ಬಳಸಿಲ್ಲ, ಆದರೆ ಇದೆ. ಬ್ಲೂಸ್ಕೈ ಬಳಸುವ ಕಪ್ಪು ಜನರ ಬ್ಲಾಕ್‌ಸ್ಕೈ ಬಳಗದವರು ತಮ್ಮದೇ ಸರ್ವರ್ ಕಟ್ಟಿಕೊಂಡೂ ತೋರಿಸಿದ್ದಾರೆ.

ಕಂಪನಿ ಅಂದ ಕೂಡಲೇ ಭಯ ಬೀಳುವವರಿಗೆ ನಾನು ಏನು ಹೇಳಲಿ? ಅವರ ಮಾತು ಕೇಳಿದರೆ ಹಾಲಿಗೆ ಹಸು ಸಾಕು, ಅಕ್ಕಿಗೆ ಗದ್ದೆ ಮಾಡು, ಪೋಸ್ಟ್ ಹಾಕೋಕೆ ಸರ್ವರ್ ಕಟ್ಟು ಅಂದ ಹಾಗಿರುತ್ತದೆ. ಎಲ್ಲರಿಗೂ ಅಷ್ಟು ಪುರುಸೊತ್ತು ಎಲ್ಲಿದೆ?

ನನ್ನ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ದಾವಣಗೆರೆಯಲ್ಲಿದ್ದಾರೆ, ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ದಿನಕ್ಕೊಂದು ಚುಟುಕ ಬರೆಯುತ್ತಾರೆ. ನಾನೇ ಅವರಿಗೆ ಮಾಸ್ಟೊಡಾನ್‌ಗೆ ಬನ್ನಿ ಅಂದೆ. ಮೊದಲ ಪರದೆಯಲ್ಲೇ ಸರ್ವರ್ ಆರಿಸಿ ಅಂತ ಬಂತು. ಫೋನ್ ಮಾಡಿ ಕೇಳಿದರು, "ಯಾವುದು ಆರಿಸಲೋ?" ಸಾಹಿತ್ಯದವರು ಇರುವ ಒಂದು ಸಣ್ಣ ಸರ್ವರ್ ಹೇಳಿದೆ. ಅಲ್ಲಿ ನೀವು ಯಾಕೆ ಸೇರಬೇಕು ಅಂತ ಬರೆಯಲು ಒಂದು ಡಬ್ಬಿ ಇತ್ತು. ಸ್ಪ್ಯಾಮ್ ತಡೆಯಲು ಅದನ್ನು ಇಡುತ್ತಾರೆ ಅಂತ ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಕೂತು, ಚೆನ್ನಾಗಿ ಯೋಚಿಸಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಒಂದು ವಾರ ಕಾದರು. ಉತ್ತರ ಬರಲಿಲ್ಲ. ಅಡ್ಮಿನ್‌ಗೆ ಕನ್ನಡ ಬರುತ್ತಿರಲಿಲ್ಲವೇನೋ, ಅಥವಾ ಕಣ್ಣಿಗೇ ಬೀಳಲಿಲ್ಲವೇನೋ. ನಾನು ಊರಿಗೆ ಹೋದಾಗ ಚಿಕ್ಕಮ್ಮ ಚಹಾ ಕೊಡುತ್ತಾ ಕೇಳಿದರು, "ನನ್ನ ಬರಹ ಅವರಿಗೆ ಸರಿ ಬರಲಿಲ್ಲ ಅನ್ಸುತ್ತೆ, ಅಲ್ವೇನೋ?" ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವರು. ನನಗೆ ತುಂಬಾ ನೋವಾಯಿತು. ಆ ಪ್ರಶ್ನೆ ಅವರ ಬಾಯಲ್ಲಿ ಬಂದದ್ದು ನನ್ನಿಂದ.

ಅವತ್ತೇ ಕೂತು ಬ್ಲೂಸ್ಕೈಯಲ್ಲಿ ಅಕೌಂಟ್ ಮಾಡಿಕೊಟ್ಟೆ. ಹೆಚ್ಚು ಹೊತ್ತು ಆಗಲಿಲ್ಲ. ಅಲ್ಲಿ ಸ್ಟಾರ್ಟರ್ ಪ್ಯಾಕ್ ಅಂತ ಇದೆ, ಒಬ್ಬರು ಪಟ್ಟಿ ಮಾಡಿಟ್ಟರೆ ಹೊಸಬರು ಒಂದೇ ಒತ್ತಿಗೆ ಅವರೆಲ್ಲರನ್ನೂ ಫಾಲೋ ಮಾಡಬಹುದು. ನಾನು ಕನ್ನಡದಲ್ಲಿ ಬರೆಯುವ 30 ಜನರ ಪಟ್ಟಿ ಮಾಡಿದ್ದೆ. ಇನ್ನೊಂದು ವಿಷಯ ಚಿಕ್ಕಮ್ಮನಿಗೆ ಹಿಡಿಸಿತು. ಟ್ವಿಟರ್‌ನಲ್ಲಿ ಗುಣಿತದ ಗುರುತು, ಒತ್ತು ಎಲ್ಲ ಬಿಡಿ ಬಿಡಿಯಾಗಿ ಲೆಕ್ಕಕ್ಕೆ ಬಂದು 280 ಬೇಗ ಖಾಲಿಯಾಗುತ್ತದೆ. ಬ್ಲೂಸ್ಕೈ "ಕಿ" ಅನ್ನುವುದನ್ನು ಒಂದೇ ಅಕ್ಷರ ಅಂತ ಎಣಿಸುತ್ತದೆ, ಅಂಥ 300 ಸಿಗುತ್ತದೆ. ಚುಟುಕಕ್ಕೆ ಧಾರಾಳ. ಮಾಸ್ಟೊಡಾನ್ 500 ಕೊಡುತ್ತದೆ, ಅದನ್ನೂ ಹೇಳಬೇಕು.

ಕನ್ನಡದವರು ಬ್ಲೂಸ್ಕೈಯಲ್ಲೂ ಜಾಸ್ತಿ ಇಲ್ಲ. ನನ್ನ ಆ ಪಟ್ಟಿಯ 30 ಜನರಲ್ಲಿ ದಿನಾ ಬರೆಯುವವರು ಎಂಟೋ ಹತ್ತೋ ಜನ. ಚಿಕ್ಕಮ್ಮನಿಗೆ ಈಗ 19 ಫಾಲೋವರ್‌ಗಳು. ಮೊನ್ನೆ ಮಳೆಯ ಮೇಲಿನ ಚುಟುಕಕ್ಕೆ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರೊಬ್ಬರು ಅದೇ ಪ್ರಾಸದಲ್ಲಿ ಇನ್ನೊಂದು ಚುಟುಕ ಬರೆದು ಉತ್ತರ ಕೊಟ್ಟರು. ಚಿಕ್ಕಮ್ಮ ಅದನ್ನು ಹಾಳೆಯಲ್ಲಿ ಬರೆದುಕೊಂಡು, ಎರಡನೇ ಸಾಲಿನಲ್ಲಿ ಮಾತ್ರೆ ಒಂದು ಜಾಸ್ತಿಯಾಗಿದೆ ಅಂತ ಅವರಿಗೆ ತಿಳಿಸಿದ್ದಾರೆ.