ಭಾನುವಾರ ಕೊಟ್ಟು ಕೊಂಡ ಸರ್ಟಿಫಿಕೇಟು

ಒಂದು ವಾರದ ಕೋರ್ಸಿಗೆ ಹೋಗುತ್ತಿದ್ದೇನೆ ಅಂತ ಫೋನಿನಲ್ಲಿ ಹೇಳಿದ್ದೇ ತಡ, ಬೆಂಗಳೂರಿನ ಭಾವ ಕೇಳಿದರು: "ಒಂದೇ ವಾರಾನಾ? ಸರ್ಟಿಫಿಕೇಟ್ ಯಾರದ್ದಯ್ಯಾ? ಅಲುಮ್ನಿ ಸ್ಟೇಟಸ್ ಸಿಗುತ್ತಾ?" ಅಂದರೆ, ಆ ಸಂಸ್ಥೆಯ ಹಳೆ ವಿದ್ಯಾರ್ಥಿ ಅನ್ನಿಸಿಕೊಳ್ಳಬಹುದಾ ಅಂತ. ಏನು ಕಲಿಸುತ್ತಾರೆ ಅಂತ ಮಾತ್ರ ಕೇಳಲೇ ಇಲ್ಲ. ಸ್ವಲ್ಪ ಚುಚ್ಚಿತು.

ನಾನಿರುವುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಇಲ್ಲಿನ ಹೆಸ್ಸೆನ್ ರಾಜ್ಯದಲ್ಲಿ ಕಲಿಕೆಗೆ ಅಂತಲೇ ರಜೆ ಕೊಡುವ ಕಾನೂನು 1974ರಿಂದ ಇದೆ. ಬಿಲ್ಡುಂಗ್ಸ್‌ಉರ್ಲೌಬ್ ಅಂತಾರೆ. ವಾರಕ್ಕೆ 5 ದಿನ ದುಡಿಯುವವರಿಗೆ ವರ್ಷಕ್ಕೆ 5 ದಿನ. ಸಂಬಳ ಕಡಿತ ಮಾಡುವಂತಿಲ್ಲ. ಕೆಲಸಕ್ಕೆ ಸೇರಿ 6 ತಿಂಗಳಾಗಿರಬೇಕು, ಕೋರ್ಸಿಗೆ ಮಾನ್ಯತೆ ಇರಬೇಕು, 6 ವಾರ ಮೊದಲೇ ತಿಳಿಸಬೇಕು. ನಮ್ಮ ಮ್ಯಾನೇಜರ್ ಅರ್ಜಿ ನೋಡಿದರು, ಆ ವಾರದ ಮೀಟಿಂಗುಗಳಿಂದ ನನ್ನ ಹೆಸರು ತೆಗೆದರು, "ಲ್ಯಾಪ್‌ಟಾಪ್ ಒಯ್ಯಬೇಡಿ" ಅಂದರು. ಊರಿನ ಆಫೀಸಿನಲ್ಲಿ ಇಂಥ ಮಾತು ಕನಸಿನಲ್ಲೂ ಕೇಳಿರಲಿಲ್ಲ.

ಅಲ್ಲಿ ಕೆಲಸದ ಜೊತೆ ಓದುವುದು ಅಂದರೆ ಶನಿವಾರ, ಭಾನುವಾರ ಹೋಯಿತು ಅಂತಲೇ ಲೆಕ್ಕ. ಭಾವನದು ಎರಡು ವರ್ಷದ ವೀಕೆಂಡ್ ಎಂಬಿಎ. ತಂಗಿಯ ಮನೆ ಗೃಹಪ್ರವೇಶದ ದಿನ ಮಹಡಿ ಮೆಟ್ಟಿಲ ಮೇಲೆ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು ಫೈನಾನ್ಸ್ ಕ್ಲಾಸ್ ಕೇಳುತ್ತಿದ್ದರು. ಮ್ಯೂಟ್ ಮಾಡುವುದು ಮರೆತು, ಕೆಳಗಿನ ಪಂಕ್ತಿಯ "ಸಾರು, ಸಾರು" ಕೂಗು ಇಡೀ ಬ್ಯಾಚಿಗೆ ಕೇಳಿತಂತೆ! ಅವರ ಕಂಪನಿ ಓದಿಗೆ ಅಂತ ಅರ್ಧ ದಿನದ ರಜೆಯನ್ನೂ ಕೊಡಲಿಲ್ಲ. ಆದರೆ ಬಡ್ತಿಯ ಫಾರ್ಮಿನಲ್ಲಿ 'ಹೆಚ್ಚಿನ ವಿದ್ಯಾರ್ಹತೆ' ಅಂತ ಒಂದು ಕಾಲಂ ಇದ್ದೇ ಇದೆ. ಇದ್ಯಾವ ನ್ಯಾಯ? ಕಲಿತದ್ದು ಆಫೀಸಿಗೆ, ಕಲಿಯುವ ಹೊತ್ತು ಮಾತ್ರ ಹೆಂಡತಿ ಮಕ್ಕಳದ್ದು.

ಆನ್‌ಲೈನೋ, ವೀಕೆಂಡೋ, ಕ್ಯಾಂಪಸ್ಸಿನಲ್ಲೇ ಉಳಿದು ಕಲಿಯುವುದೋ ಅನ್ನುವುದನ್ನೂ ಅಲ್ಲಿ ಸರ್ಟಿಫಿಕೇಟಿನ ಮೇಲೆ ಯಾವ ಸಂಸ್ಥೆಯ ಲೋಗೊ ಇರುತ್ತದೆ ಅಂತ ನೋಡಿಯೇ ತೀರ್ಮಾನಿಸುತ್ತಾರೆ. ಯಾವುದರಲ್ಲಿ ತಲೆಗೆ ಜಾಸ್ತಿ ಹತ್ತುತ್ತದೆ ಅನ್ನುವುದು ಆಮೇಲಿನ ಮಾತು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಲ್ಲ. ಇಲ್ಲಿ ಸಂಬಳ ಕಂಪನಿಯದ್ದು, ಕೋರ್ಸಿನ ಫೀಸು ನನ್ನದೇ. ಪಕ್ಕದ ಟೇಬಲ್ಲಿನವರು ಈ ರಜೆಯನ್ನು ಒಮ್ಮೆಯೂ ತೆಗೆದುಕೊಂಡಿಲ್ಲ, ಕೇಳುವುದಕ್ಕೇ ಅವರಿಗೆ ಸಂಕೋಚ. ನಾನು ಕಲಿತದ್ದು ಮಾತುಕತೆಯಲ್ಲಿ ಚೌಕಾಸಿ ಮಾಡುವ ವಿದ್ಯೆ. ಉಪಯೋಗವಾಯಿತು, ಕೆಲಸವೇನೂ ಬದಲಾಗಲಿಲ್ಲ. ಭಾವ ಮಾತ್ರ ಟೆಸ್ಟಿಂಗ್ ಕೆಲಸ ಬಿಟ್ಟು ಪ್ರಾಡಕ್ಟ್ ಟೀಮಿಗೆ ಹೋದರು, ಅದೂ ಎಂಬಿಎ ಬ್ಯಾಚಿನ ಒಬ್ಬರು ರೆಫರ್ ಮಾಡಿದ್ದರಿಂದ. ಅಂದಹಾಗೆ, ಇಲ್ಲಿಯೂ ಕೆಲಸ ಬಿಡದೆ ಎಂಬಿಎ ಮಾಡುವವರಲ್ಲಿ ಎಷ್ಟೋ ಜನ ಓದುವುದು ವೀಕೆಂಡಿನಲ್ಲೇ. 5 ದಿನದಲ್ಲಿ ಅದು ಮುಗಿಯುತ್ತದೆಯೇ?