ಟೆರಾಜೋ ಟೈಲ್ಸ್‌ಗೆ ಪಾಲಿಶ್ ಹೊಡೆಸಬೇಡಿ: ಒಂದು ಸ್ಪಷ್ಟನೆ

ಮೈಸೂರಿನಲ್ಲಿ ಮನೆ ಕಟ್ಟಿಸುವವರ ನಡುವೆ ವಾಟ್ಸಾಪಿನಲ್ಲಿ ಒಂದು ಮಾತು ಓಡಾಡುತ್ತಿದೆ: "ಈಗಿನ ಟೆರಾಜೋ ಟೈಲ್ಸ್ ಅಂದರೆ ಹಳೇ ಮೊಸಾಯಿಕ್ ನೆಲವೇ. ಮಂಕಾದರೆ ಮೆಷಿನ್ ಪಾಲಿಶ್ ಮಾಡಿಸಿ, ಹೊಸದಾಗುತ್ತೆ." ಇದು ಸರಿಯಲ್ಲ. ದಯವಿಟ್ಟು ನಂಬಿ ದುಡ್ಡು ಕಳ್ಕೋಬೇಡಿ.

ಸರಸ್ವತಿಪುರಂ ಕಡೆಯ ಹಳೇ ಮನೆಗಳಲ್ಲಿ ಕಾಣುವ ಮೊಸಾಯಿಕ್‌ನಲ್ಲಿ ಸಿಮೆಂಟಿಗೆ ಅಮೃತಶಿಲೆಯ ಚೂರು ಬೆರೆಸಿರುತ್ತಾರೆ. ಚೂರು ಒಳಗೂ ಇರುತ್ತದೆ. ಹಾಗಾಗಿ ಮೇಲ್ಪದರ ಉಜ್ಜಿದರೂ ವಿನ್ಯಾಸ ಉಳಿಯುತ್ತದೆ. ಈಗ ಟೆರಾಜೋ ಅಂತ ಮಾರುವುದು ಹೆಚ್ಚಾಗಿ ಪೋರ್ಸಲಿನ್ (ಪಿಂಗಾಣಿ ಜಾತಿಯ) ಟೈಲ್ಸ್. ಅದರಲ್ಲಿ ಸಾಮಾನ್ಯವಾಗಿ ಆ ಚೂರುಗಳು ಬರೀ ಪ್ರಿಂಟ್. ಅದರ ಮೇಲೆ ತೆಳುವಾದ ಗ್ಲೇಜ್, ಅಂದರೆ ಗಾಜಿನಂಥ ಲೇಪ. ಉಜ್ಜಿದರೆ ಎರಡೂ ಹೋಗುತ್ತವೆ, ಮತ್ತೆ ಬರಲ್ಲ. ಅಂಗಡಿಯಲ್ಲಿ ಟೈಲ್ಸ್ ಎತ್ತಿ ಅಂಚು ನೋಡಿ: ಮೇಲೆ ಬಣ್ಣದ ಚೂರು, ಪಕ್ಕದಲ್ಲಿ ಒಂದೇ ಬಣ್ಣದ ಮೈ. ಫುಲ್ ಬಾಡಿ ಟೈಲ್ಸ್ ಬೇರೆ, ಅದರ ಬಣ್ಣ ಆಳದವರೆಗೂ ಇರುತ್ತದೆ.

ಹಾಗಂತ ಈ ಪ್ರಿಂಟ್ ಟೈಲ್ಸ್ ಕಳಪೆ ಮಾಲಲ್ಲ. ಪೋರ್ಸಲಿನ್ ನೀರು ಹೀರುವುದು ಶೇ. 0.5ಕ್ಕಿಂತ ಜಾಸ್ತಿ ಇರಲ್ಲ. ನಿಂಬೆರಸ, ಹುಣಸೆರಸ ಚೆಲ್ಲಿದರೆ ಮೊಸಾಯಿಕ್ ಕಳೆಗುಂದುತ್ತದೆ, ಇದು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅಡುಗೆಮನೆಗೆ ನನ್ನ ಓಟು ಇದಕ್ಕೇ. ಬಚ್ಚಲಿಗೆ ಮಾತ್ರ ಮ್ಯಾಟ್ (ಹೊಳಪಿಲ್ಲದ) ಟೈಲ್ಸ್ ತಗೊಳ್ಳಿ, ಹೊಳಪಿನದು ಜಾರುತ್ತೆ.

ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲು ಇದಕ್ಕೆ ಸರಿಯಾಗಿ ಹಿಡಿಯಲ್ಲ. ಟೈಲ್ ಅಡೆಸಿವ್ (ಟೈಲ್ಸ್ ಅಂಟಿಸುವ ಅಂಟು) ಬಳಸಲು ಮೇಸ್ತ್ರಿಗೆ ಹೇಳಿ. ಪ್ರಿಂಟ್ ಮರುಕಳಿಸುತ್ತದೆ ಅಲ್ವಾ? ಅದೇ ಕೆಂಪು ಚೂರು ಅದೇ ಮೂಲೆಯಲ್ಲಿ ಸಾಲಾಗಿ ಕಾಣದಂತೆ, ಟೈಲ್ಸ್ ತಿರುಗಿಸಿ ತಿರುಗಿಸಿ ಕೂರಿಸಲಿ.