ಒಂದು ತೊಲದ ಗುಂಡು

ಅಂಗಡಿಯ ಮುದುಕ ಆ ದಿನ ನನಗೆ ಕೋವಿ ಮಾರಲಿಲ್ಲ. ದುಡ್ಡು ಕೈಯಲ್ಲಿ ಹಿಡಿದು ನಿಂತಿದ್ದೆ. ಹಾಗೇ ವಾಪಸ್ ಕಳಿಸಿದ. ಏಳು ವರ್ಷ ಆಯಿತು, ಆ ಮಾತು ಇನ್ನೂ ಚುಚ್ಚುತ್ತದೆ.

ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ಇಲ್ಲಿ ಬೇಟೆಯ ಲೈಸೆನ್ಸ್ ಬೇಕೆಂದರೆ ಮೊದಲು ಪಾಠಕ್ಕೆ ಕೂರಬೇಕು, ಪರೀಕ್ಷೆ ಬರೆಯಬೇಕು. ನಾನೂ ಬರೆದೆ, ಪಾಸಾದೆ. ಎಲ್ಕ್ ಬೇಟೆಗೆ ಲೈಸೆನ್ಸ್ ಸಿಕ್ಕಿತು. ಎಲ್ಕ್ ನಮ್ಮ ಕಡವೆಯ ಬಳಗದ್ದೇ. ಗಂಡು ಮುನ್ನೂರು ಕೆಜಿ ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಊರಿಂದ ಭಾವ ಫೋನಿನಲ್ಲಿ ಹೇಳಿದ್ದ, "ಇದ್ದಿದ್ರಲ್ಲಿ ದೊಡ್ಡದೇ ತಗೋ ಮಾರಾಯ, ಸದ್ದಿಗೇ ಬೀಳ್ಬೇಕು." ಅದೇ ಗುಂಗಿನಲ್ಲಿ ಅಂಗಡಿಗೆ ಹೋಗಿ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಅನ್ನುವ ಭಾರಿ ಬಲದ ಕೋವಿ ಕೊಡಿ ಅಂದೆ.

ಮುದುಕ ಕೋವಿ ಕೆಳಗಿಳಿಸಲಿಲ್ಲ. "ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಕೂತಾಗ, ಒಂದು ಪೇಪರ್ ತಟ್ಟೆಗೆ ಎಷ್ಟು ದೂರದಿಂದ ತಪ್ಪದೆ ಹೊಡೀತೀಯ?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. "ಯಾವ ಗುಂಡು ಹಾಕ್ತೀಯ?" ಅಂದ. ಅದೂ ಗೊತ್ತಿರಲಿಲ್ಲ. "ಎರಡೂ ತಿಳಿದ ಮೇಲೆ ಬಾ, ಆಗ ಕೋವಿ ನೋಡೋಣ."

ಯಾಕೆ ಗೊತ್ತಿರಲಿಲ್ಲ ಅಂತ ಆಮೇಲೆ ಎಷ್ಟೋ ದಿನ ಯೋಚಿಸಿದೆ. ನಾನು ಕೋವಿ ಇದ್ದ ಮನೆಯಲ್ಲೇ ಹುಟ್ಟಿದವನು. ನಮ್ಮಲ್ಲಿ ಕೋವಿಯ ಮಾತು ಹೇಗಿರುತ್ತದೆ ನಿಮಗೂ ಗೊತ್ತಲ್ವಾ? ಯಾರ ಮನೆಯದು, ಒಂಟಿನಳಿಗೆಯೋ ಜೋಡಿನಳಿಗೆಯೋ, ಎಷ್ಟು ತಲೆಮಾರಿನದು. ಎಲೆಕ್ಷನ್ನಿಗೆ ಸ್ಟೇಷನ್ನಿನಲ್ಲಿಟ್ಟು ತಂದಾಗ ಎಲ್ಲೆಲ್ಲಿ ತುಕ್ಕು ಹಿಡಿದಿತ್ತು. ಆಯುಧಪೂಜೆಗೆ ಯಾವ ಹೂವು. ಹೊಡೆದರೆ ಸದ್ದು ಯಾವ ಗುಡ್ಡದವರೆಗೆ ಕೇಳಿತು. ಕೋವಿಗೆ ಏನು ಹಾಕಿದ್ದೆ ಅಂತ ಕೇಳಿದರೆ ಮಾತ್ರ ಉತ್ತರ ಒಂದೇ ಸಾಲು. "ಎಲ್ಜಿ ತೋಟಾ ಇತ್ತು, ಹಾಕಿದೆ." ಎಲ್ಜಿ ಅಂದರೆ ದಪ್ಪ ಚರೆಯ ತೋಟಾ.

ಲೈಸೆನ್ಸ್ ಪುಸ್ತಕದಲ್ಲೂ ಹಾಗೇ. ಕೋವಿಯ ನಂಬರ್ ಇದೆ, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಅಂತ ಇದೆ. ಆ ತೋಟಾ ಪ್ರಾಣಿಯ ಮೈಯೊಳಗೆ ಏನು ಮಾಡಬೇಕು ಅನ್ನುವುದು ಯಾರ ಲೆಕ್ಕದಲ್ಲೂ ಇಲ್ಲ.

ಇಲ್ಲಿ ಕಾನೂನು ಶುರುವಾಗುವುದೇ ಅಲ್ಲಿಂದ. ಎಲ್ಕ್‌ಗೆ ಹೊಡೆಯುವ ಗುಂಡು ಕಡೇಪಕ್ಷ 85 ಗ್ರೇನ್, ಅಂದರೆ ಸುಮಾರು ಐದೂವರೆ ಗ್ರಾಂ, ತೂಗಬೇಕು. ನೂರು ಗಜದಲ್ಲಿ ಅದಕ್ಕೆ ಸಾವಿರ ಅಡಿ-ಪೌಂಡ್ ಬಲ ಉಳಿದಿರಬೇಕು, ಅಡಿ-ಪೌಂಡ್ ಅಂದರೆ ಹೊಡೆತದ ಅಳತೆ. ಮುಖ್ಯವಾಗಿ, ಗುಂಡು ಮೈ ಹೊಕ್ಕಮೇಲೆ ಅರಳಬೇಕು. ಅರಳದ ಗುಂಡು ಸೂಜಿಯ ಹಾಗೆ ಈ ಕಡೆಯಿಂದ ಆ ಕಡೆಗೆ ಹಾದುಹೋಗಿಬಿಡುತ್ತದೆ, ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಜಾಸ್ತಿ ಅರಳಿದರೂ ತೊಂದರೆಯೇ. ಭುಜದ ಮೂಳೆಗೆ ತಾಗಿದ್ದೇ ಪುಡಿಯಾಗಿ ಹೊರಗೇ ನಿಲ್ಲುತ್ತದೆ, ಶ್ವಾಸಕೋಶದವರೆಗೆ ಹೋಗುವುದೇ ಇಲ್ಲ.

1946ರಲ್ಲಿ ಜಾನ್ ನೋಸ್ಲರ್ ಅನ್ನುವವರಿಗೆ ಇದೇ ಆಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಎಲ್ಕ್‌ಗಿಂತ ದೊಡ್ಡ ಜಿಂಕೆಯಾದ ಒಂದು ಮೂಸ್‌ಗೆ ಹೊಡೆದರು. ಅದರ ಮೈಮೇಲೆ ಕೆಸರು ಗಟ್ಟಿಯಾಗಿ ಹತ್ತಿತ್ತು. ಕೈಯಲ್ಲಿ ಮ್ಯಾಗ್ನಮ್ ಕೋವಿ ಇದ್ದರೂ ಗುಂಡುಗಳು ಮೇಲೆಯೇ ಒಡೆದುಹೋದವು. ಅವರು ಊರಿಗೆ ಬಂದು ಇನ್ನೂ ದೊಡ್ಡ ಕೋವಿ ಹುಡುಕಲಿಲ್ಲ. ಹೊಸ ಗುಂಡು ಮಾಡಿದರು. ಸೀಸವನ್ನು ಎರಡು ಕೋಣೆ ಮಾಡಿ, ನಡುವೆ ತಾಮ್ರದ ಗೋಡೆ ಇಟ್ಟರು. ಮುಂದಿನ ಭಾಗ ಅಣಬೆಯಂತೆ ಅರಳುತ್ತದೆ, ಹಿಂದಿನ ಭಾಗ ಒಡೆಯದೆ ಅದನ್ನು ಒಳಕ್ಕೆ ದಬ್ಬುತ್ತದೆ. ಪಾರ್ಟಿಶನ್ ಅಂತಲೇ ಹೆಸರು. 1948ರಿಂದ ಮಾರಾಟಕ್ಕೆ ಬಂತು, ಇವತ್ತಿಗೂ ಸಿಗುತ್ತದೆ.

ನನಗೆ ಹಿಡಿಸಿದ್ದು ಈ ಬುದ್ಧಿ. ಒಂದು ಪ್ರಾಣಿ ಸರಿಯಾಗಿ ಸಾಯಲಿಲ್ಲ ಅಂತ ಮನುಷ್ಯನೊಬ್ಬ ತಲೆಕೆಡಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡುವುದು.

ನಮ್ಮಲ್ಲಿ ಆ ತಲೆಬಿಸಿ ನಾನು ಕಂಡಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಒಂದು ಹಂದಿ ಬಿದ್ದಿತ್ತು. ತೊಡೆಯ ಮೇಲೆ ಚರೆ ತಾಗಿದ ಗಾಯ, ಹುಳ ಆಗಿತ್ತು. ಇನ್ನೂ ಉಸಿರಾಡುತ್ತಿತ್ತು. ಯಾರೋ ರಾತ್ರಿ ಗದ್ದೆ ಕಾಯುವಾಗ ಹೊಡೆದದ್ದು. ಎಷ್ಟು ದಿನ ಹಾಗೆ ನರಳಿತ್ತೋ. ಹೊಡೆದವನು "ತಾಗಿದೆ, ಎಲ್ಲಾದ್ರೂ ಸಾಯುತ್ತೆ ಬಿಡು" ಅಂದು ಮನೆಗೆ ಹೋಗಿ ಮಲಗಿರಬೇಕು. ಈ ಮಾತನ್ನು ನಾನು ಊರಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮುದುಕನ ಹತ್ತಿರ ಮತ್ತೆ ಹೋದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಗೆಳೆಯರ ಕೋವಿಗಳನ್ನು ರೇಂಜಿನಲ್ಲಿ ಹೊಡೆದು ನೋಡಿದ್ದೆ. .300 ಮ್ಯಾಗ್ನಮ್ ಚೆನ್ನಾಗಿ ಒದೆಯುತ್ತದೆ. ಹತ್ತು ಈಡು ಆಗುವಷ್ಟರಲ್ಲಿ ಭುಜ ಬೆಚ್ಚತೊಡಗಿತು, ಕೋವಿಯ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಿತ್ತು. ಹಾಗೆ ಹೊಡೆದ ಗುಂಡಿಗೆ ಎಷ್ಟು ಬಲ ಇದ್ದರೇನು, ಹೊಟ್ಟೆಗೆ ತಾಗಿದರೆ ಮತ್ತದೇ ಹಂದಿಯ ಕಥೆ. .30-06 ನನ್ನ ಕೈಗೆ ಒಗ್ಗಿತು. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ ಅದು, ಇಲ್ಲಿನವರು ಥರ್ಟಿ ಆಟ್ ಸಿಕ್ಸ್ ಅನ್ನುತ್ತಾರೆ. ಕೂತು, ಕೋಲಿನ ಆಸರೆಯಲ್ಲಿ, ಇನ್ನೂರು ಗಜದಿಂದ ಪೇಪರ್ ತಟ್ಟೆ ತಪ್ಪುತ್ತಿರಲಿಲ್ಲ. ಇನ್ನೂರೈವತ್ತಕ್ಕೆ ತಪ್ಪುತ್ತಿತ್ತು. ಹಾಗಾದರೆ ನನ್ನ ಗಡಿ ಇನ್ನೂರು. ಮುದುಕ ತಲೆ ಆಡಿಸಿದ. ಕೋವಿಯ ಜೊತೆ 180 ಗ್ರೇನ್ ಪಾರ್ಟಿಶನ್ ತೋಟಾಗಳ ಒಂದು ಡಬ್ಬಿ ಇಟ್ಟ.

180 ಗ್ರೇನ್ ಅಂದರೆ ಸರಿಯಾಗಿ ಒಂದು ತೊಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಒಂದು ತೊಲದ ಗುಂಡು ಅಂತ. ಬಂಗಾರ ತೂಗಿದ ಹಾಗೆ ತೂಗಿ ಮಾಡ್ತಾರಾ ಅಂದಳು. ಹೌದು, ಹಾಗೇ ಮಾಡುತ್ತಾರೆ.

ಆ ಅಕ್ಟೋಬರಿನಲ್ಲಿ ಮೀಕರ್ ಹತ್ತಿರದ ಗುಡ್ಡದಲ್ಲಿ ಮೂರು ದಿನ ಅಲೆದೆ. ಎರಡನೇ ದಿನ ಒಂದು ದೊಡ್ಡ ಗಂಡು ಕಂಡಿತು. ಮುನ್ನೂರು ಗಜ ಇತ್ತು, ಅಲ್ಲದೆ ನನ್ನ ಕಡೆಗೇ ಮುಖ ಮಾಡಿ ನಿಂತಿತ್ತು. ಹೊಡೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಇನ್ನೊಂದು, ನೂರಾ ನಲವತ್ತು ಗಜದಲ್ಲಿ ಅಡ್ಡಕ್ಕೆ ನಿಂತಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಇಟ್ಟೆ. ಪಕ್ಕೆಯಲ್ಲಿ ಹೊಕ್ಕ ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಕಡೆಯ ಚರ್ಮದ ಕೆಳಗೆ ನಿಂತಿತ್ತು. ಅಣಬೆಯ ಹಾಗೆ ಅರಳಿದ ಆ ಗುಂಡು ಈಗಲೂ ನನ್ನ ಮೇಜಿನ ಮೇಲಿದೆ. ಮಾಂಸ ಕೆಡಿಸುವುದು ಇಲ್ಲಿ ಅಪರಾಧ. ನಾಲ್ಕು ಪಾಲು ಮಾಡಿ ಮೂರು ಸಲ ಹೊತ್ತು ಇಳಿಸಿದೆ, ಕತ್ತಲಾಯಿತು.

ಈಚೆಗೆ ಪೂರ್ತಿ ತಾಮ್ರದ ಗುಂಡಿಗೆ ಬದಲಾಗಿದ್ದೇನೆ. ಸೀಸದ ಚೂರು ಮಾಂಸದಲ್ಲಿ ಉಳಿಯುತ್ತದೆ, ಮನೆಯಲ್ಲಿ ಮಗಳು ತಿನ್ನುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಂತೂ ಕಾಂಡೋರ್ ಎಂಬ ರಣಹದ್ದುಗಳು ಸೀಸ ತಿಂದು ಸಾಯುತ್ತವೆಂದು 2019ರಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿದ್ದಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಇಲ್ಲೂ ಎಲ್ಲರೂ ಆ ಮುದುಕನ ಹಾಗಿಲ್ಲ. ಎಂಟುನೂರು ಗಜದಿಂದ ಎಲ್ಕ್ ಹೊಡೆದೆ ಅಂತ ಎದೆ ಉಬ್ಬಿಸುವವರು ರೇಂಜಿನಲ್ಲೇ ಸಿಗುತ್ತಾರೆ. ಹೊಡೆದು ಸಿಗದೆ ಹೋದದ್ದನ್ನು ಅವರು ಎಣಿಸುವುದಿಲ್ಲ. ತೋಟಾದ ಜಗಳವೂ ಬೇಕಾದಷ್ಟು. ಸಣ್ಣ .270 ತೋಟಾ ಸಾಕು ಅಂತ ಬೇಟೆಯ ಬರಹಗಾರ ಜ್ಯಾಕ್ ಓಕಾನರ್, ದಪ್ಪ ಭಾರದ ಗುಂಡೇ ಬೇಕು ಅಂತ ಇನ್ನೊಬ್ಬ ಬರಹಗಾರ ಎಲ್ಮರ್ ಕೀತ್, ದಶಕಗಟ್ಟಲೆ ಬರೆದು ಜಗಳವಾಡಿದರು. ಈಗ ಹೊಸ ತೋಟಾ 6.5 ಕ್ರೀಡ್‌ಮೂರ್ ಸರದಿ.

ಊರಿನವರ ಕೈಯಲ್ಲಿ ಇರುವುದಾದರೂ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾನೂನು, ಆಮೇಲೆ 1991ರಲ್ಲಿ ಅದರ ತಿದ್ದುಪಡಿ ಬಂದಮೇಲೆ ನಮ್ಮಲ್ಲಿ ಬೇಟೆಯೇ ಇಲ್ಲ. ಇರುವುದು ಬೆಳೆ ಕಾಯುವ ಕೋವಿ. ಭಾವನಿಗೆ ರೇಂಜ್ ಇಲ್ಲ, ಪಾಠ ಹೇಳುವವರಿಲ್ಲ. ಗುರಿ ಕಲಿಯಲು ಸುಮ್ನೆ ಸುಟ್ಟು ಹಾಕುವಷ್ಟು ತೋಟಾವೂ ಇಲ್ಲ. ನಾನು ಎರಡು ತಿಂಗಳಲ್ಲಿ ಹೊಡೆದ ಈಡು ಅವನು ಇಡೀ ಜೀವನದಲ್ಲಿ ಹೊಡೆದಿರಲಿಕ್ಕಿಲ್ಲ.

ಅಜ್ಜನ ವಿಷಯವನ್ನು ಅಮ್ಮ ಹೇಳಿದ್ದು ಹೋದ ವರ್ಷ. 1972ಕ್ಕೆ ಮುಂಚೆ ಅವರು ಕೇಪಿನ ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದರು. ಮಸಿ, ಕತ್ತ, ಗುಂಡು, ಎಲ್ಲ ಕೈಯಲ್ಲೇ ತುಂಬಬೇಕು. ಇದ್ದದ್ದು ಒಂದೇ ಈಡು. ಇಪ್ಪತ್ತು ಹೆಜ್ಜೆಗೆ ಬರುವವರೆಗೂ ಕಾಯುತ್ತಿದ್ದರಂತೆ. ತಾಗಿದ ಪ್ರಾಣಿ ಸಿಗುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಒಂದು ಸಲ ಲಾಟೀನು ಹಿಡಿದು ಎರಡು ರಾತ್ರಿ ಹುಡುಕಿದ್ದರಂತೆ. ನನಗೆ ಯಾಕೆ ಇದನ್ನು ಯಾರೂ ಹೇಳಿರಲಿಲ್ಲ? ಮನೆಯಲ್ಲಿ ಉಳಿದದ್ದು ಅವರ ಕೋವಿಯ ಕಥೆ ಮಾತ್ರ.

ಮೊನ್ನೆ ಆಯುಧಪೂಜೆಯ ದಿನ ಭಾವನಿಗೆ ತಾಮ್ರದ ಗುಂಡಿನ ಫೋಟೊ ಕಳಿಸಿದೆ. ನಾಲ್ಕು ಎಸಳು ಬಿಡಿಸಿಕೊಂಡು ಹೂವಿನ ಹಾಗೆ ಅರಳಿದೆ. ಕೋವಿ ಎಷ್ಟರದ್ದು ಅಂತ ಕೇಳುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿದ.

"ತಾಗಿದ ಮೇಲೆ ಎಷ್ಟು ದೂರ ಹೋಯ್ತು?"

ನಲವತ್ತು ಹೆಜ್ಜೆ ಅಂದೆ.